ಉಮರಬ್ಬರಿಗೆ ಎರಡನೇ ಸಾಕ್ಷಿ

ಒಂದು ಸಾಕ್ಷಿ ಇದ್ದರೆ ಕಥೆ, ಎರಡು ಸಾಕ್ಷಿ ಇದ್ದರೆ ಚರಿತ್ರೆ. ಇದು ಡೆನ್ಬಿ ಸಾಹೇಬರ ಕಾನೂನು. ಅದು ಹುಟ್ಟಿದ್ದು ಇಂಗ್ಲೆಂಡಿನ ಥಾರ್ನ್‌ವಿಕ್ ಎಂಬ ಪುಟ್ಟ ಪೇಟೆಯಲ್ಲಿ. ಬಂದು ಬಿದ್ದದ್ದು ಹೆಜಮಾಡಿಯ ಶಾಹುಲ್ ಹಮೀದರ ತಲೆಯ ಮೇಲೆ, ಅದೂ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ. ಯಾರದೋ ಊರಿನ ಕಾನೂನು ಇನ್ಯಾರದೋ ಕೊರಳಿಗೆ ಸುತ್ತಿಕೊಳ್ಳುವುದು ಹೊಸತಲ್ಲ ಬಿಡಿ. ಆದರೆ ಇಷ್ಟು ಬಿಗಿಯಾಗಿ ಸುತ್ತಿಕೊಂಡದ್ದನ್ನು ನಾನಂತೂ ಬೇರೆ ಕಡೆ ಕಂಡಿಲ್ಲ.

ಶಾಹುಲ್ ಹಮೀದರನ್ನು ಊರವರೆಲ್ಲ ಹಮೀದಾಕ ಎನ್ನುತ್ತಾರೆ. ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಅಣ್ಣನ ವಯಸ್ಸಿನವರನ್ನು ಹಾಗೆ ಕರೆಯುವುದು ರೂಢಿ. ವಯಸ್ಸು ಐವತ್ತೊಂಬತ್ತು. ಮೂವತ್ತೆಂಟು ವರ್ಷಗಳಿಂದ ಡೆನ್ಬಿ ಸಾಹೇಬರ ವಕೀಲಿ ಆಫೀಸಿನಲ್ಲಿ ಮಂದೂಬ್. ಎಂದರೆ, ಕಡತ ಕಂಕುಳಲ್ಲಿಟ್ಟುಕೊಂಡು ಸರಕಾರಿ ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಅಲೆದು, ನಕ್ಕು, ಸಲಾಂ ಹೇಳಿ, ಮುದ್ರೆ ಹಾಕಿಸಿಕೊಂಡು ಬರುವ ಕೆಲಸ. ಈಗ ಮುದ್ರೆಗಳೆಲ್ಲ ಫೋನಿನೊಳಗೆ ಸೇರಿಕೊಂಡಿವೆ, ಸಾಹೇಬರಿಗೂ ಎಪ್ಪತ್ತನಾಲ್ಕಾಗಿ ಕಕ್ಷಿದಾರರು ಕಡಿಮೆಯಾಗಿದ್ದಾರೆ. ಹಾಗಾಗಿ ಹಮೀದಾಕನಿಗೆ ಕೆಲಸಕ್ಕಿಂತ ಕುರ್ಚಿಯೇ ಹೆಚ್ಚು.

ಈ ಹಮೀದಾಕನಿಗೆ ಇದ್ದದ್ದು ಒಂದೇ ಆಸೆ. ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಸಂಗತಿಗಳನ್ನು ಕೂಡಿಸಿ ಸಾಹೇಬರು ಏಳು ವರ್ಷಗಳಿಂದ ಒಂದು ಪುಸ್ತಕ ಬರೆಯುತ್ತಿದ್ದರಲ್ಲ, ಅದರಲ್ಲಿ ತನ್ನ ಬಾಪನ, ಎಂದರೆ ತಂದೆಯ, ಹೆಸರು ಒಂದು ಸಾಲಿನಲ್ಲಾದರೂ ಬರಬೇಕು. ಬಾಪ ಉಮರಬ್ಬರಿಗೆ ಗೋರಿಯಿಲ್ಲ, ಫೋಟೋ ಇಲ್ಲ, ಪಾಸ್‌ಪೋರ್ಟಂತೂ ಮೊದಲೇ ಇರಲಿಲ್ಲ. ಅರವತ್ತೆಂಟನೇ ಇಸವಿಯಲ್ಲಿ ಬೊಂಬಾಯಿಯಿಂದ ಕಳ್ಳ ಲಾಂಚ್ ಹತ್ತಿ ಈ ದೇಶಕ್ಕೆ ಹೊರಟವರು ಖೋರ್ ಫಕ್ಕಾನಿನ ದಡ ಕಾಣುವಷ್ಟು ಹತ್ತಿರ ಬಂದು, ಲಾಂಚ್ ನಡೆಸುವ ನಾಖುದಾ ಹಾರಿ ಎಂದಾಗ ಹಾರಿ, ಮುಳುಗಿ ಹೋದರು. ಮಗನಿಗೆ ಆಗ ಮೂರು ವರ್ಷ. ಅಚ್ಚಿನ ಪುಸ್ತಕದಲ್ಲಿ ಹೆಸರು ಬಂದರೆ ಅಷ್ಟಾದರೂ ಒಂದು ಗುರುತು ಎಂದು ಹಮೀದಾಕನ ಲೆಕ್ಕ.

ಗುರುವಾರ ಪುಸ್ತಕ ಅಚ್ಚಿಗೆ ಹೋಗುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲಿನ ಆದಿತ್ಯವಾರ ಬೆಳಿಗ್ಗೆ ಸಾಹೇಬರು ಹಾಳೆಗಳ ದಪ್ಪ ಕಟ್ಟನ್ನು ಹಮೀದಾಕನ ಕೈಗಿಟ್ಟು, ‘ನೋಡು ಹಮೀದ್, ನಿನ್ನದೇ ಅರ್ಧ’ ಎಂದರು. ಹಮೀದಾಕ ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ಮಗುಚಿದರು. ನೂರ ಹನ್ನೆರಡನೇ ಪುಟದಲ್ಲಿ ಬಾಪ ಇದ್ದರು. ಅವರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ಸಿಲ್ಲಿನ ಗೀಟು ಎಳೆದಿತ್ತು. ಅಂಚಿನಲ್ಲಿ ಸಾಹೇಬರ ಸಣ್ಣ ಅಕ್ಷರ: ಒಂದೇ ಸಾಕ್ಷಿ, ಬಿಡುವುದು.

ಅದು ಹಾಗಿರಲಿ ಎಂದುಕೊಳ್ಳಬಹುದಿತ್ತು. ಆದರೆ ನಾಲ್ಕನೇ ಅಧ್ಯಾಯದಲ್ಲಿ ಪುತ್ತುಮೋನಾಕ ಎಂಬವನ ಚಾದ ಅಂಗಡಿ ಐದು ಪುಟ ಉದ್ದಕ್ಕೆ ಹೊಗೆಯಾಡುತ್ತಿತ್ತು. ಏಳನೆಯದರಲ್ಲಿ ಸಿಹಿನೀರಿನ ಬಾವಿಯೊಂದಿತ್ತು. ಒಂಬತ್ತರಲ್ಲಿ ಮೂಲ್ಕಿಯ ಮೇಸ್ತ್ರಿಯೊಬ್ಬ ನೆಟ್ಟ ಬೇವಿನ ಮರ. ಇವುಗಳ ಮೇಲೆ ಗೀಟಿಲ್ಲ, ಒಂದು ಚುಕ್ಕೆಯೂ ಇಲ್ಲ. ಈ ಮೂರನ್ನೂ ಹಮೀದಾಕ ತನ್ನ ಸ್ವಂತ ಬಾಯಿಂದ, ಸ್ವಂತ ತಲೆಯಿಂದ, ಬರೀ ಸುಳ್ಳು ಹೇಳಿದ್ದರು. ಸುಳ್ಳೆಲ್ಲ ಒಳಗೆ, ನಿಜವೊಂದೇ ಹೊರಗೆ. ಹಮೀದಾಕನಿಗೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗದೆ ಎರಡೂ ಬರಲಿಲ್ಲ.

ಇದು ಹೀಗಾದದ್ದು ಹೇಗೆಂದು ಹೇಳಬೇಕಾದರೆ ಸಾಹೇಬರ ಬಾಳನ್ನು ಸ್ವಲ್ಪ ಹೇಳಬೇಕು. ಥಾರ್ನ್‌ವಿಕ್ಕಿನಲ್ಲಿ ಅವರ ಅಜ್ಜ ವಕೀಲ, ಅಪ್ಪ ವಕೀಲ, ಇವರೂ ವಕೀಲ. ಸೇತುವೆಯ ಪಕ್ಕದ ಮನೆ; ಕೆಳಗೆ ಆಫೀಸು, ಮೇಲೆ ವಾಸ. ವಾರವಿಡೀ ಗದ್ದೆಬೇಲಿಯ ತಕರಾರು, ಮುದುಕಿಯರ ಉಯಿಲು. ಆದಿತ್ಯವಾರ ಬಂತೆಂದರೆ ಅಳತೆಯ ಟೇಪು ಹಿಡಿದು ಊರಿನ ಬಾವಿ, ಗೋಡೆ, ಗೋರಿಕಲ್ಲುಗಳ ಹಿಂದೆ ಬೀಳುವುದು. ಕಲ್ಲಿನ ಮೇಲಿನ ಪಾಚಿ ಕೆರೆದು ಹೆಸರು ಓದಿ ಬರೆದುಕೊಳ್ಳುವುದೆಂದರೆ ಅವರಿಗೆ ಹಬ್ಬದೂಟ. ಹಾಗೆ ಮೂರು ಸಣ್ಣ ಪುಸ್ತಕ ಬರೆದರು. ಇಗರ್ಜಿಗೆ ಬೆಂಕಿ ಬಿದ್ದಾಗ ಗಂಟೆಯನ್ನು ಉಳಿಸಿದ್ದು ನಾನೇ ಎಂದು ಅವರ ಅಜ್ಜ ಸಾಯುವವರೆಗೂ ಹೇಳುತ್ತಿದ್ದರಂತೆ. ಅಜ್ಜನ ಬಾಯಿ ಬಿಟ್ಟರೆ ಬೇರೆ ಆಧಾರವಿಲ್ಲವೆಂದು ಮೊಮ್ಮಗ ಅದನ್ನು ಪುಸ್ತಕದಿಂದ ತೆಗೆದುಹಾಕಿದರು. ಅಪ್ಪ ಆರು ತಿಂಗಳು ಮಗನ ಜೊತೆ ಮಾತು ಬಿಟ್ಟರಂತೆ. ಇಂಥ ಜನ.

ಹೆಂಡತಿ ಎಳೆಯ ವಯಸ್ಸಿಗೇ ತೀರಿಕೊಂಡ ಮೇಲೆ ಡೆನ್ಬಿಯವರಿಗೆ ಆ ಮೇಲ್ಮಾಳಿಗೆ ಬೇಡವಾಯಿತು. ಗೆಳೆಯನೊಬ್ಬ ಎರಡು ವರ್ಷಕ್ಕೆಂದು ಅಬುಧಾಬಿಗೆ ಕರೆಸಿದ. ಎರಡು ಹೋಗಿ ನಲವತ್ತಾಯಿತು. ಮರಳುಗಾಡಿನಲ್ಲಿ ಅಳೆಯಲು ಹಳೆಯದು ಏನುಂಟು? ಕೈ ತುರಿಸುತ್ತಿತ್ತು. ಕೊನೆಗೆ ಆಫೀಸಿನ ಕಿಟಕಿಯ ಕೆಳಗಿನ ಬೀದಿಯನ್ನೇ ಹಿಡಿದುಕೊಂಡರು. ಪ್ರತಿ ಶನಿವಾರ ಬಿಸಿಲೇರುವ ಮುಂಚೆ ಹಮೀದಾಕನನ್ನು ಜೊತೆ ಮಾಡಿಕೊಂಡು, ಮೊಬೈಲು ಅಂಗಡಿ, ದರ್ಜಿ ಅಂಗಡಿ, ಮತ್ತೆ ಮೊಬೈಲು ಅಂಗಡಿ ಎಂದು ಎಲೆಕ್ಟ್ರಾ ಸ್ಟ್ರೀಟಿನ ಈ ತುದಿಯಿಂದ ಆ ತುದಿಗೆ ನಡೆಯುವುದು, ಅಳೆಯುವುದು, ಕೇಳುವುದು.

ಹಾಗೆ ನಡೆಯುವಾಗ ಒಂದು ದಿನ ಟಿ.ವಿ. ಅಂಗಡಿಯೊಂದರ ಎದುರು ಕಾಲುದಾರಿ ಸ್ವಲ್ಪ ತಗ್ಗಾಗಿದ್ದದ್ದು ಸಾಹೇಬರ ಕಣ್ಣಿಗೆ ಬಿತ್ತು. ‘ಇಲ್ಲಿ ಮೊದಲು ಏನಿತ್ತು ಹಮೀದ್?’

ಹಮೀದಾಕ ಈ ಊರಿಗೆ ಕಾಲಿಟ್ಟದ್ದು ಎಂಬತ್ತಾರರಲ್ಲಿ. ಆ ಕಟ್ಟಡ ಆಗಲೇ ಅಲ್ಲಿತ್ತು. ಆದರೆ ಸಾಹೇಬರು ಕೇಳಿದಾಗ ಗೊತ್ತಿಲ್ಲ ಎನ್ನುವುದು ಮಂದೂಬನ ಬಾಯಿಗೆ ಬರುವ ಮಾತಲ್ಲ. ಕಿಟಕಿಯ ಎದುರು ಗೊತ್ತಿಲ್ಲ ಎಂದರೆ ಕಡತ ವಾಪಸು. ಅಭ್ಯಾಸ ಬಿಡಬೇಕಲ್ಲ. ‘ಬಾವಿ ಸಾರ್, ಸಿಹಿನೀರಿನ ಬಾವಿ’ ಎಂದುಬಿಟ್ಟರು. ಸಾಹೇಬರ ಮುಖ ಅರಳಿದ್ದನ್ನು ನೋಡಬೇಕಿತ್ತು. ಆ ದಿನ ಮೊದಲ ಸಲ ಅವರು ಹಮೀದಾಕನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಚಾ ತರಿಸಿ, ಒಂದು ಗಂಟೆ ಅವರ ಮಾತು ಕೇಳಿದರು. ಮೂವತ್ತೊಂದು ವರ್ಷ ದುಡಿದವನ ಮಾತನ್ನು ಯಜಮಾನ ಕೂತು ಕೇಳಿದ ಮೊದಲ ಗಂಟೆ ಅದು. ಯಾರಿಗೆ ರುಚಿ ಹತ್ತುವುದಿಲ್ಲ ಹೇಳಿ. ಇವರಿಗೆ ಹೀಗೆ ಒಂದೊಂದೇ ಕಥೆ ಹೇಳುತ್ತಾ ಹೋದರೆ ಒಂದು ದಿನ ಬಾಪನ ಸಂಗತಿಗೂ ಜಾಗ ಸಿಕ್ಕೀತು ಎಂದು ಹಮೀದಾಕ ಆಗಲೇ ಗಂಟು ಹಾಕಿಕೊಂಡರು.

ಎರಡನೇ ಸಾಕ್ಷಿಯ ಕೆಲಸ ನಾರ್ಬರ್ಟನದ್ದು. ಅವನು ಬಜ್ಪೆಯ ಕ್ರಿಶ್ಚಿಯನ್, ಹೋಟೆಲೊಂದರ ಸ್ಟೋರ್‌ಕೀಪರ್, ಆಗ ಇದೇ ಬೀದಿಯ ಹಿಂದೆ ವಾಸವಿದ್ದ. ಸಾಹೇಬರು ಅವನನ್ನು ಕರೆದು, ಪುತ್ತುಮೋನಾಕನ ಚಾದ ಅಂಗಡಿ ಎಪ್ಪತ್ತೊಂದರಲ್ಲಿ ಇಲ್ಲಿ ಇದ್ದದ್ದು ಹೌದೇ ಎಂದು ಕೇಳಿದರು. ನಾರ್ಬರ್ಟ್ ಒಮ್ಮೆ ಹಮೀದಾಕನ ಮುಖ ನೋಡಿದ. ಊರವನ ಮುಖ. ‘ಹೌದು ಸಾರ್, ಎಷ್ಟು ಸಲ ಚಾ ಕುಡಿದಿದ್ದೇವೆ’ ಎಂದ. ಅವನು ವಿಮಾನ ಇಳಿದದ್ದು ತೊಂಬತ್ತನಾಲ್ಕರಲ್ಲಿ. ಅದನ್ನು ಯಾರೂ ಕೇಳಲಿಲ್ಲ. ಹೇಳುವವನು ಹೆಡ್ಡನಾದರೆ ಕೇಳುವವನಿಗೆ ಮತಿ ಬೇಡವೇ ಎನ್ನುತ್ತಾರೆ. ಇಲ್ಲಿ ಹೇಳಿದವರಿಬ್ಬರೂ ಹೆಡ್ಡರಲ್ಲ, ಕೇಳಿದವರು ವಕೀಲರು, ಆದರೂ ಹೀಗಾಯಿತು. ಪರದೇಶಿಯ ಎದುರು ಊರವನ ಮಾತನ್ನು ಬೀಳಗೊಡಬಾರದು ಎಂಬುದು ನಮ್ಮ ಕರಾವಳಿಯವರ ರಕ್ತದಲ್ಲೇ ಇದೆ. ಊರಲ್ಲಿ ಬೇಕಾದಷ್ಟು ಜಗಳಾಡಿಕೊಳ್ಳಲಿ, ಹೊರಗೆ ಒಬ್ಬ ಹೌದು ಅಂದದ್ದು ಎಲ್ಲರಿಗೂ ಹೌದು.

ಬಾಪನ ಸಂಗತಿ ಹೇಳಿದ ದಿನ ಮಾತ್ರ ನಾರ್ಬರ್ಟ್ ದುಬೈಗೆ ಮನೆ ಬದಲಿಸಿ ಹೋಗಿಯಾಗಿತ್ತು. ನಿಜಕ್ಕೆ ಎರಡನೇ ಸಾಕ್ಷಿ ಯಾಕೆ ಬೇಕು ಎಂದು ಹಮೀದಾಕನೂ ತಲೆಕೆಡಿಸಿಕೊಂಡಿರಲಿಲ್ಲ.

ಮನೆಗೆ ಬಂದು ಹೆಂಡತಿ ಜಮೀಲಳಿಗೆ ಎಲ್ಲ ಹೇಳಿದರು. ಅವಳು ಅಕ್ಕಿರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ.

‘ಒಳ್ಳೆಯದಾಯ್ತು’ ಎಂದಳು. ‘ಏಳು ವರ್ಷದಿಂದ ಹೇಳ್ತಾ ಇದ್ದೇನೆ, ಆ ಮನುಷ್ಯನಿಗೆ ಕಥೆ ಕಟ್ಟಬೇಡಿ ಅಂತ. ಈಗ ನಿಮ್ಮ ಸುಳ್ಳಿನ ಜೊತೆ ಬಾಪನನ್ನೂ ಕೂರಿಸ್ಲಿಕ್ಕೆ ಹೊರಟಿದ್ದೀರಿ. ಹೋಗಿ ಪೂರಾ ಹೇಳಿಬಿಡಿ.’

‘ಪೂರಾ ಹೇಳಿದರೆ ಬಾಪನನ್ನೂ ನಂಬುವುದಿಲ್ಲ.’

‘ಹೇಳದಿದ್ದರೆ?’

‘ಹೇಳದಿದ್ದರೂ ಇಲ್ಲ.’

‘ಹಾಗಾದ್ರೆ ಹೇಳಿ ಸುಮ್ಮನಾಗಿ. ಹೊಟ್ಟೆಯಾದರೂ ತಣ್ಣಗಾಗ್ತದೆ’ ಎಂದು ಜಮೀಲ ರೊಟ್ಟಿ ಮಗುಚಿದಳು.

ಹಮೀದಾಕನಿಗೆ ಅವಳ ಮಾತು ಸರಿಯೆಂದೂ ಅನಿಸಿತು, ಸರಿಯಲ್ಲವೆಂದೂ ಅನಿಸಿತು. ಊಟ ಮಾಡಿ ಬಸ್ಸು ಹತ್ತಿ ದುಬೈಗೆ ಹೊರಟರು.

ಅಲ್ಲಿನ ಊದ್ ಮೇಥಾದಲ್ಲಿ ಇಗರ್ಜಿಯ ಮಧ್ಯಾಹ್ನದ ಪೂಜೆ ಮುಗಿದು ಜನ ರಸ್ತೆ ತುಂಬಿದ್ದರು. ನಾರ್ಬರ್ಟ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಾದು ನಿಂತಿದ್ದ. ಇಬ್ಬರೂ ಮಲಬಾರಿಯ ಕೆಫೆಟೇರಿಯಾದಲ್ಲಿ ಕರಕ್ ಚಾ ಹಿಡಿದು ಕೂತರು. ಹಮೀದಾಕ ಕೆಂಪು ಗೀಟಿನ ವಿಷಯ ಹೇಳಿದರು.

‘ಅಷ್ಟೇನಾ ಮಾರಾಯ?’ ನಾರ್ಬರ್ಟ್ ಹಗುರಾಗಿ ಹೇಳಿದ. ‘ನನ್ನ ದೊಡ್ಡಪ್ಪ ಅದೇ ಲಾಂಚಿನಲ್ಲಿ ಇದ್ರು ಅಂತ ಹೇಳುವ. ಅವರು ತೀರಿಹೋಗಿ ಮೂವತ್ತು ವರ್ಷ ಆಯ್ತು. ಸಾಹೇಬ ಎಲ್ಲಿಗೆ ಹೋಗಿ ಕೇಳ್ತಾನೆ?’

‘ನಿನ್ನ ದೊಡ್ಡಪ್ಪ ಬಜ್ಪೆ ಬಿಟ್ಟು ಆಚೆ ಹೋದದ್ದುಂಟಾ?’

‘ಅದು ನಿನಗೆ ಎಂತಕ್ಕೆ? ಸಾಕ್ಷಿ ಬೇಕಾ, ಬೇಡ್ವಾ?’

ಹಮೀದಾಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಏಳು ವರ್ಷ ಇದೇ ಮನುಷ್ಯನ ಸುಳ್ಳು ಸಾಕ್ಷಿಯನ್ನು ಬೆಲ್ಲದಂತೆ ತಿಂದವರಿಗೆ ಈಗ ಅದು ಗಂಟಲಲ್ಲಿ ಇಳಿಯಲಿಲ್ಲ. ‘ಬಾಪನ ವಿಷಯದಲ್ಲಿ ಬೇಡ ನಾರ್ಬರ್ಟ್. ಅದು ನಿಜ. ನಿಜಕ್ಕೆ ಸುಳ್ಳು ಸಾಕ್ಷಿ ಕೊಟ್ಟರೆ ಅದೂ ಪುತ್ತುಮೋನಾಕನ ಚಾದ ಹಾಗೆ ಆಗ್ತದೆ.’

‘ಪುತ್ತುಮೋನಾಕನ ಚಾಕ್ಕೆ ಎಂತ ಆಗಿದೆ?’

‘ಅದು ಇರಲೇ ಇಲ್ಲ ಅಲ್ವಾ ಮಾರಾಯ. ನಾನು ಕಟ್ಟಿದ್ದು.’

ನಾರ್ಬರ್ಟ್ ಕಪ್ಪನ್ನು ಕೆಳಗಿಟ್ಟ. ಅವನ ಹುಬ್ಬು ಗಂಟಿಕ್ಕಿತು. ‘ನೀನು ಎಂತದೋ ಮರೆತಿದ್ದಿ. ಹಸಿರು ಗೀರಿನ ಗ್ಲಾಸು ಇತ್ತಲ್ಲ ಅವನ ಹತ್ತಿರ. ನನ್ನ ಗ್ಲಾಸಿನ ಬಾಯಿ ಒಂದು ಕಡೆ ಒಡೆದಿತ್ತು. ತುಟಿಗೆ ತಾಗಿ ರಕ್ತ ಬಂದದ್ದು ನನಗೆ ನೆನಪುಂಟು.’

ತಮಾಷೆ ಮಾಡುತ್ತಿದ್ದಾನೆಂದು ಹಮೀದಾಕ ಅವನ ಕಣ್ಣು ನೋಡಿದರು. ತಮಾಷೆ ಇರಲಿಲ್ಲ. ಹಸಿರು ಗೀರಿನ ಗ್ಲಾಸು ಹಮೀದಾಕನೇ ಹುಟ್ಟಿಸಿದ್ದು, ಸರಿ. ಒಡೆದ ಬಾಯಿ ಎಲ್ಲಿಂದ ಬಂತು? ಒಂದು ವೇಳೆ ಅಂಥ ಅಂಗಡಿ ಎಲ್ಲಿಯೋ ಇದ್ದು, ನಾನೇ ಅದನ್ನು ಸುಳ್ಳೆಂದು ತಿಳಿದಿದ್ದೇನೋ ಎಂದು ಅವರಿಗೇ ಒಂದು ಗಳಿಗೆ ಅನುಮಾನ ಬಂತು. ತಲೆ ಚಿಟ್ಟು ಹಿಡಿಯಿತು. ‘ಖಲಾಸ್, ನಾನು ಬರ್ತೇನೆ’ ಎಂದು ಎದ್ದರು.

ವಾಪಸು ಬಸ್ಸಿನಲ್ಲಿ ಆ ಗ್ಲಾಸು ಅವರನ್ನು ಬಿಡಲಿಲ್ಲ. ಬರೀ ಚಾದಂಗಡಿ ಇತ್ತು ಎಂದರೆ ಯಾರೂ ನಂಬುವುದಿಲ್ಲ. ಹಸಿರು ಗೀರಿನ ಗ್ಲಾಸು ಎಂದು ಸೇರಿಸಿದರೆ ಎಲ್ಲರೂ ನಂಬುತ್ತಾರೆ. ಬಾವಿ ಎಂದರೆ ಸಾಲದು, ಬಾವಿಯ ಹಗ್ಗ ತುಂಡಾಗಿ ಗಂಟು ಹಾಕಿತ್ತು ಎನ್ನಬೇಕು. ಬೇಕಾದ ಕಡೆ ಬೇಡದ ಒಂದು ಚೂರು ಹಾಕುವುದು, ಅಷ್ಟೇ ವಿದ್ಯೆ. ಈ ವಿದ್ಯೆ ತನಗೆ ಯಾರು ಕಲಿಸಿದರು ಎಂದು ಯೋಚಿಸುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಬಾಪನ ಬೂಟು ನೆನಪಾಯಿತು. ಬಾಪ ಹಾರುವಾಗ ಬೊಂಬಾಯಿಯಲ್ಲಿ ಕೊಂಡ ಹೊಸ ಬೂಟಿನ ಲಾಡಿ ಗಂಟು ಹಾಕಿ ಕುತ್ತಿಗೆಗೆ ತೂಗಿಕೊಂಡಿದ್ದರು, ಆ ಭಾರಕ್ಕೇ ಮುಳುಗಿದರು ಎಂದು ಹೆತ್ತ ಉಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದರು. ಮಲ್ಪೆಯವನೊಬ್ಬ ಬಂದು ಹೇಳಿದ್ದಂತೆ. ಕತ್ತಲ ಸಮುದ್ರಕ್ಕೆ ಹತ್ತಾರು ಜನ ಹಾರುವಾಗ ಆ ಮಲ್ಪೆಯವನು ಇನ್ನೊಬ್ಬನ ಕುತ್ತಿಗೆಯಲ್ಲಿದ್ದ ಬೂಟು ನೋಡಿದ್ದು ಹೇಗೆ?

ಛೆ, ಎಂದು ಹಮೀದಾಕ ತಲೆ ಕೊಡವಿದರು. ತನ್ನ ಸುಳ್ಳಿನ ಹುಳಿ ಬಾಪನ ಹಾಲಿಗೂ ಬಿತ್ತಲ್ಲ ಎಂದು ನಾಚಿಕೆಯಾಯಿತು. ಅಬುಧಾಬಿ ಬರುವವರೆಗೂ ಕಣ್ಣು ಮುಚ್ಚಿ ಕೂತರು.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಸಾಹೇಬರ ಎದುರು ಕೈಕಟ್ಟಿ ನಿಂತು, ತನ್ನ ಮುರುಕು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದರು: ‘ಸಾರ್, ಚಾದ ಅಂಗಡಿ ಸುಳ್ಳು. ಬಾವಿ ಸುಳ್ಳು. ಬೇವಿನ ಮರ ಇದೆ, ಆದರೆ ಮೇಸ್ತ್ರಿ ಸುಳ್ಳು. ಎಲ್ಲಾ ನಾನು ಹೇಳಿದ ಸುಳ್ಳು. ಕ್ಷಮಿಸಬೇಕು.’

ಡೆನ್ಬಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬಯ್ಯುತ್ತಾರೆಂದು ಹಮೀದಾಕ ತಲೆ ತಗ್ಗಿಸಿದರು. ಸಾಹೇಬರು ಮೆಲ್ಲಗೆ ಕೇಳಿದರು: ‘ಯಾರಿಗೆ ಹೆದರಿ ಹೀಗೆ ಹೇಳುತ್ತಿದ್ದೀ?’

‘ಯಾರಿಗೂ ಅಲ್ಲ ಸಾರ್. ನಿಜ ಹೇಳುತ್ತಿದ್ದೇನೆ.’

‘ನಲವತ್ತೆಂಟು ವರ್ಷ ವಕೀಲಿ ಮಾಡಿದ್ದೇನೆ ಹಮೀದ್. ಸಾಕ್ಷಿ ಹೇಳಿದವನು ಕೊನೆಯ ವಾರದಲ್ಲಿ ಮಾತು ತಿರುಗಿಸುವುದು ನನಗೆ ಹೊಸತಲ್ಲ. ಮೊದಲು ಹೇಳಿದ್ದಕ್ಕೇ ತೂಕ. ಅದೂ ಅಲ್ಲದೆ ನಿನ್ನೆ ಸಂಜೆ ನಾರ್ಬರ್ಟ್ ಫೋನು ಮಾಡಿದ್ದ. ಗ್ಲಾಸಿನ ಬಾಯಿ ಒಡೆದದ್ದು, ತುಟಿಗೆ ಗಾಯವಾದದ್ದು, ಎಲ್ಲ ಹೇಳಿದ. ಅಷ್ಟು ಸಣ್ಣ ಸಂಗತಿಯನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ.’

‘ಅವನು ಬಂದದ್ದೇ ತೊಂಬತ್ತನಾಲ್ಕರಲ್ಲಿ ಸಾರ್.’

‘ಹಾಗಾದರೆ ಅಂಗಡಿ ತೊಂಬತ್ತನಾಲ್ಕರವರೆಗೂ ಇತ್ತು ಎಂದಾಯಿತು’ ಎಂದು ಸಾಹೇಬರು ಪೆನ್ಸಿಲ್ ಎತ್ತಿ ನಾಲ್ಕನೇ ಅಧ್ಯಾಯದ ಅಂಚಿನಲ್ಲಿ ಅದನ್ನು ಬರೆದುಕೊಂಡರು.

ಹಮೀದಾಕ ಕೂತೇಬಿಟ್ಟರು. ಸುಳ್ಳನ್ನು ಹೊರಗೆ ಹಾಕಲು ಬಂದರೆ ಅದು ಇನ್ನೂ ಇಪ್ಪತ್ತಮೂರು ವರ್ಷ ಬೆಳೆದು ಕೂತಿತು. ಕಾನೂನು ಗೊತ್ತಿಲ್ಲದವನಿಗೆ ಒಂದು ಕಷ್ಟ, ಕಾನೂನೇ ಗೊತ್ತಿದ್ದವನ ಎದುರು ನೂರು ಕಷ್ಟ. ನಿಜ ಯಾವುದು, ಸುಳ್ಳು ಯಾವುದು, ತಾನು ಹೇಳಿದ್ದು ಯಾವುದು, ಹೇಳದೇ ಆದದ್ದು ಯಾವುದು ಎಂದು ಅವರಿಗೆ ಬುಡತುದಿ ತಿಳಿಯಲಿಲ್ಲ.

ಸಾಹೇಬರು ಅವರ ಮುಖವನ್ನೇ ನೋಡುತ್ತಿದ್ದರು. ಒರಟು ಮನುಷ್ಯನಲ್ಲ ಅವರು. ‘ನಿನ್ನ ತಂದೆಯ ಪುಟ ತೆಗೆದದ್ದಕ್ಕೆ ನಿನಗೆ ನೋವಾಗಿದೆ’ ಎಂದರು. ‘ನನ್ನ ಅಜ್ಜನನ್ನೂ ಹೀಗೇ ತೆಗೆದವನು ನಾನು. ನಿನಗೆ ಆಗ ಮೂರು ವರ್ಷ, ನಿನ್ನದು ಕೇಳಿದ ಮಾತು. ಸುದ್ದಿ ತಂದವನನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ?’

‘ಉಮ್ಮ ಇದ್ದಾ... ನನ್ನ ತಾಯಿ ಇದ್ದಾರೆ ಸಾರ್. ಎಪ್ಪತ್ತೆಂಟು.’

ಸಾಹೇಬರು ನೆಟ್ಟಗೆ ಕೂತರು. ‘ಏಳು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ. ವಿಧವೆಗಿಂತ ದೊಡ್ಡ ಸಾಕ್ಷಿ ಯಾವುದು? ಸುದ್ದಿ ತಂದವನ ಹೆಸರು, ಬಂದ ತಿಂಗಳು, ಅವನು ಆಡಿದ ಮಾತು. ಅಷ್ಟು ಅವರ ಬಾಯಿಂದ ಬಂದರೆ ಈ ಗೀಟನ್ನು ಈಗಲೇ ಅಳಿಸುತ್ತೇನೆ. ಫೋನು ಮಾಡು.’

ಹಮೀದಾಕನ ಎದೆ ಹಗುರಾಯಿತು. ಇಷ್ಟು ಸುಲಭದ ದಾರಿ ಇದ್ದದ್ದು ತನಗೆ ಹೊಳೆಯಲಿಲ್ಲವಲ್ಲ. ಬಸ್ಸಿನಲ್ಲಿ ಬಂದ ಕೆಟ್ಟ ಯೋಚನೆಗೂ ಇದೇ ಮದ್ದು.

ಹೆಜಮಾಡಿಯ ಮನೆಯಲ್ಲಿ ಉಮ್ಮ ನೆಬೀಸಮ್ಮ ಇರುವುದು ಹಮೀದಾಕನ ತಂಗಿಯ ಜೊತೆ. ತಂಗಿಯ ಮಗಳು ನಾಫಿಯಾ ಫೋನು ಎತ್ತಿ, ಅಜ್ಜಿಯ ಮುಖಕ್ಕೆ ಹಿಡಿದಳು. ಸಾಹೇಬರು ಪರದೆಯ ಎದುರು ಸ್ವಲ್ಪ ಬಾಗಿ ನಮಸ್ಕಾರದ ಹಾಗೆ ಮಾಡಿದರು. ಬಿಳಿಯ ಸಾಹೇಬರನ್ನು ಕಂಡು ಉಮ್ಮ ತಲೆಯ ಬಟ್ಟೆ ಎಳೆದುಕೊಂಡರು. ಹಮೀದಾಕ ಬ್ಯಾರಿ ಭಾಷೆಯಲ್ಲಿ ವಿಷಯ ಹೇಳಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹೊಸ ಹಾಳೆ ಮುಂದಿಟ್ಟುಕೊಂಡರು.

‘ಬಾಪನ ಸುದ್ದಿ ತಂದದ್ದು ಮಲ್ಪೆಯವನಲ್ವಾ ಉಮ್ಮ, ಅವನ ಹೆಸರೆಂತ?’

ಉಮ್ಮ, ‘ಈಗ ಎಂತಕ್ಕೆ ಅದು?’ ಎಂದರು.

‘ಸಾಹೇಬರು ಪುಸ್ತಕದಲ್ಲಿ ಬರೆಯುತ್ತಾರೆ. ಬಾಪ ನೀರಿಗೆ ಹೋದದ್ದು.’

‘ಅಚ್ಚಾಗುವ ಪುಸ್ತಕವಾ?’

‘ಹೌದು.’

‘ಅಲ್ಲಿಯೇ, ಆ ಊರಿನಲ್ಲಿ ಓದುತ್ತಾರಾ?’

‘ಇಲ್ಲಿಯೇ ಉಮ್ಮ. ಎಲ್ಲರೂ ಓದುತ್ತಾರೆ.’

ಉಮ್ಮ ನಾಫಿಯಾಳ ಕಡೆ ತಿರುಗಿ, ‘ನೀನು ಅದನ್ನು ಇಲ್ಲಿ ಒರಗಿಸಿಟ್ಟು ಒಳಗೆ ಹೋಗು’ ಎಂದರು. ಫೋನು ಯಾವುದಕ್ಕೋ ಒರಗಿ ನಿಂತಿತು. ಉಮ್ಮನ ಅರ್ಧ ಮುಖ, ಅರ್ಧ ಗೋಡೆ ಕಂಡಿತು.

‘ಹಾಗಾದರೆ ಬರೆಯಬೇಡಿ ಅಂತ ಹೇಳು ಮೋನೇ.’

‘ಯಾಕೆ?’

‘ಮಲ್ಪೆಯವನು ಯಾರೂ ಬರಲಿಲ್ಲ.’

ಹಮೀದಾಕನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಸಾಹೇಬರು ಪೆನ್ನು ಹಿಡಿದು ಅವರನ್ನೇ ನೋಡುತ್ತಿದ್ದರು.

‘ಲಾಂಚ್ ಹತ್ತುತ್ತೇನೆ ಅಂತ ಬರೆದ ಮೇಲೆ ಎರಡು ವರ್ಷ ಕಾಗದ ಇಲ್ಲ, ದುಡ್ಡು ಇಲ್ಲ’ ಉಮ್ಮ ಗೋಡೆಯ ಕಡೆ ನೋಡುತ್ತಾ ಹೇಳತೊಡಗಿದರು. ‘ನಿನ್ನ ದೊಡ್ಡಪ್ಪ ಊರಿಡೀ ಹೇಳಿಕೊಂಡು ಬಂದ, ಉಮರಬ್ಬ ಬೊಂಬಾಯಿಯಲ್ಲಿ ಬೇರೆ ಹೆಣ್ಣು ಇಟ್ಟಿದ್ದಾನೆ, ಇವಳು ಗಂಡ ಬಿಟ್ಟವಳು ಅಂತ. ನನಗೆ ಇಪ್ಪತ್ತನಾಲ್ಕು. ನಿನ್ನ ತಂಗಿ ಮೊಲೆಹಾಲು ಬಿಟ್ಟಿರಲಿಲ್ಲ. ಬಿಟ್ಟವಳ ಮಕ್ಕಳಿಗೆ ಯಾರೂ ಒಂದು ಹಿಡಿ ಅಕ್ಕಿ ಕೊಡುವುದಿಲ್ಲ ಮೋನೇ, ಅಪ್ಪ ಸತ್ತ ಯತೀಮ್ ಮಕ್ಕಳಾದರೆ ಮಸೀದಿಯ ಜಮಾಅತಿನವರು ನೋಡುತ್ತಾರೆ. ಮಸೀದಿಯ ಖತೀಬರ ಹತ್ತಿರ ಹೋದೆ. ಸತ್ತ ಖಬರು ಬಾರದೆ ನಾನು ಎಂತ ಹೇಳಲಿ ಅಂದರು. ಖಬರು ಬೇಕಿತ್ತು. ಶುಕ್ರವಾರ ಎಲ್ಲರೂ ಜುಮಾಕ್ಕೆ ಹೋದ ಹೊತ್ತಿಗೆ ಮಲ್ಪೆಯವನು ಬಂದು ಹೇಳಿ ಹೋದ ಅಂತ ನಾನೇ ಹೇಳಿದೆ. ವಿಧವೆಯಾಗಿ ಇದ್ದತ್ ಕೂತೆ. ನಾಲ್ಕು ತಿಂಗಳು ಹತ್ತು ದಿನ.’

‘ಬೂಟು?’ ಹಮೀದಾಕನ ಬಾಯಿಂದ ಅದೊಂದೇ ಹೊರಟಿತು.

‘ಅವರಿಗೆ ಬೂಟು ಅಂದರೆ ಬಹಳ ಆಸೆ. ಕೊಳ್ಳಲಿಕ್ಕೆ ಆಗಿರಲಿಲ್ಲ. ಸಾಯುವಾಗಲಾದರೂ ಇರಲಿ ಅಂತ ಹಾಕಿದೆ.’

ಐವತ್ತನಾಲ್ಕು ವರ್ಷ ಆ ಬೂಟು ಹಮೀದಾಕನ ನಿದ್ದೆಯಲ್ಲಿ ಮುಳುಗಿತ್ತು, ಎದ್ದಿತ್ತು. ಅದನ್ನು ಕಟ್ಟಿದವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಸಿಟ್ಟು ಮಾಡಲು ನೋಡಿದರು, ಬರಲಿಲ್ಲ. ಬಾಪ ಸತ್ತಿದ್ದಾರೋ, ಇದ್ದಾರೋ, ಇದ್ದರೆ ಯಾರ ಮನೆಯಲ್ಲಿದ್ದಾರೋ, ತಾನು ಈವರೆಗೆ ಅತ್ತದ್ದು ಯಾರಿಗಾಗಿಯೋ ಒಂದೂ ತಿಳಿಯಲಿಲ್ಲ.

‘ಏನು ಹೇಳುತ್ತಿದ್ದಾರೆ ಹಮೀದ್?’ ಸಾಹೇಬರು ಕೇಳಿದರು. ‘ಹೆಸರು ನೆನಪಾಯಿತೇ?’

ಹಮೀದಾಕ ಕೈ ಎತ್ತಿ ಸ್ವಲ್ಪ ತಡೆಯಿರಿ ಎಂಬಂತೆ ಮಾಡಿದರು. ಮೂವತ್ತೆಂಟು ವರ್ಷದಲ್ಲಿ ಸಾಹೇಬರಿಗೆ ಅವರು ಹಾಗೆ ಕೈ ತೋರಿಸಿದ್ದಿಲ್ಲ. ಡೆನ್ಬಿ ಪೆನ್ನನ್ನು ಹಾಳೆಯ ಮೇಲೆ ಇಟ್ಟರು.

‘ಅದಕ್ಕೇ ಹೇಳಿದ್ದು, ಬರೆಯುವುದು ಬೇಡ’ ಉಮ್ಮ ಮುಂದುವರಿಸಿದರು. ‘ಇಲ್ಲಿಯವರಿಗೆ ಹೇಳಿದ್ದು ಇಲ್ಲಿಗೇ ಮುಗಿಯಿತು, ಕೇಳಿದವರೆಲ್ಲ ಸತ್ತರು. ನಿನ್ನ ಬಾಪ ಅಲ್ಲೇ ಎಲ್ಲಿಯಾದರೂ ಇದ್ದು, ಪುಸ್ತಕದಲ್ಲಿ ಓದಿದರೆ ಎಂತ ಗ್ರಹಿಸಿಯಾರು? ಕಟ್ಟಿಕೊಂಡವಳೇ ನನ್ನನ್ನು ನೀರಿಗೆ ಹಾಕಿದಳು ಅಂತ ಬೇಸರ ಆಗುವುದಿಲ್ವಾ?’

‘ಬಾಪನಿಗೆ ಈಗ ಎಂಬತ್ತನಾಲ್ಕು ಆಗ್ತದೆ ಉಮ್ಮ.’

‘ಆಗಲಿ. ನನಗೆ ಆಗಲಿಲ್ವಾ ಎಪ್ಪತ್ತೆಂಟು?’ ಉಮ್ಮ ಬಟ್ಟೆಯ ತುದಿಯಿಂದ ಬಾಯಿ ಒರೆಸಿಕೊಂಡರು. ಪರದೆಯ ಹತ್ತಿರ ಬಂದರು. ಈಗ ಪೂರ್ತಿ ಮುಖ ಕಂಡಿತು. ‘ನಿನ್ನ ಹತ್ತಿರ ಒಂದು ಕೇಳಬೇಕು ಅಂತ ಬಹಳ ವರ್ಷದಿಂದ ಇತ್ತು. ನಿನಗೆ ಇಲ್ಲಿ ಮಾವನ ಅಂಗಡಿಯಲ್ಲಿ ಕೆಲಸ ಇತ್ತು. ಬೇಡ, ಅದೇ ದೇಶಕ್ಕೆ ಹೋಗು ಅಂತ ಹಟ ಹಿಡಿದು ಕಳಿಸಿದವಳು ನಾನು. ಎಂತಕ್ಕೆ ಅಂತ ನಿನಗೆ ಹೇಳುವ ಹಾಗೆ ಇರಲಿಲ್ಲ. ಕಚೇರಿ ಕಚೇರಿ ಅಲೆಯುವ ಕೆಲಸ ಅಂತ ನೀನು ಕಾಗದ ಬರೆದಾಗ ಸಮಾಧಾನ ಆಯ್ತು. ಎಷ್ಟು ಜನರ ಹೆಸರು, ಎಷ್ಟು ಜನರ ಕಾಗದ ನಿನ್ನ ಕೈಯಲ್ಲಿ ಹೋಗಿರಬೇಕು.’

ಹಮೀದಾಕ ಫೋನನ್ನು ಹತ್ತಿರ ಎಳೆದುಕೊಂಡರು.

‘ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ, ಉಮರಬ್ಬ ಅಂತ ಹೆಜಮಾಡಿಯವರು ಯಾರಾದರೂ ಇದ್ದಾರಾ ಅಂತ ನೀನು ಕೇಳಲಿಲ್ವಾ ಮೋನೇ?’

‘ಇಲ್ಲ ಉಮ್ಮ’ ಎಂದರು ಹಮೀದಾಕ.